ಆಟವಿಲ್ಲದ ತಿಂಗಳುಗಳ ಆಟ

ಸುಗ್ಗಿ ಮುಗಿದ ಮೇಲೆ ಒಕ್ಕಲಿಗನಿಗೆ ಕೆಲಸವಿಲ್ಲವೆಂದು ಪಟ್ಟಣದ ಜನರು ತಿಳಿಯುವುದುಂಟು. ಈ ತಿಳಿವಳಿಕೆಯು ಸರಿಯಾದುದಲ್ಲ. ಕಣದ ಕೆಲಸ ತೀರಿದ ಬಳಿಕವೇ ಅವನು ಬರುವ ವರ್ಷದ ಬೀಜವನ್ನು ಆರಿಸಿ ತೆಗೆದಿಡುವನು. ಮುದಿಯಾದ ಎತ್ತನ್ನು ಮಾರಿ ಹೊಸ ಜೋಡಿಯನ್ನು ಕಟ್ಟಬೇಕೇ ಬೇಡವೇ ಎಂದು ಮನೆಯವರೊಡನೆ ಆಲೋಚಿಸುವನು. ಜಾತ್ರೆಗೆ ಹೋಗಿ ಹಲ್ಲು, ಗೊರಸು, ಸುಳಿಗಳನ್ನು ನೋಡುವನು. ಮುಂದಿನ ಬೆಳೆಯ ಅರ್ಧ ಭಾಗವು ಈ ಬಿಡುವಿನ ದಿನಗಳಲ್ಲಿಯೇ ನಿಶ್ಚಯವಾಗುತ್ತದೆ. ಆಟದ ತಂಡಗಳ ಸ್ಥಿತಿಯೂ ಹೀಗೆಯೇ ಇರುವುದು. ಮೈದಾನದಲ್ಲಿ ಚೆಂಡು ಉರುಳದ ತಿಂಗಳುಗಳಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ಹೊಸದಾಗಿ ತರಬೇಕು ಎಂಬ ಆಯ್ಕೆಯು ನಡೆಯುತ್ತದೆ. ಆ ಆಯ್ಕೆಯ ವಿಷಯವಾಗಿ ನಮ್ಮ ನಮ್ಮ ಮನೆಗಳ ಜಗಲಿಯ ಮೇಲೆ ನಡೆಯುವ ವಾದವು ಕೆಲವು ವೇಳೆ ಆಟಕ್ಕಿಂತಲೂ ಬಿರುಸಾಗಿರುತ್ತದೆ.

ಇದು ಕೇವಲ ಕಾಲಹರಣವೆಂದು ಗೃಹಸ್ಥರು ಅನೇಕರು ಭಾವಿಸುವರು. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ಹರಿಹರದ ಒಂದು ಮನೆಯಲ್ಲಿ ನಡೆದುದನ್ನು ಕಂಡ ಮೇಲೆ ನನ್ನ ಅಭಿಪ್ರಾಯವು ಬದಲಾಯಿತು. ಅದನ್ನೇ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆನು.

ಹರಿಹರವು ತುಂಗಭದ್ರೆಯ ದಡದ ಮೇಲಿನ ಊರು. ಅಲ್ಲಿಂದ ದಾವಣಗೆರೆಗೆ ಎಂಟೊಂಬತ್ತು ಮೈಲಿ ದಾರಿ. ನಾನು ಹೇಳುವ ಮನೆಯ ಹಿರಿಯರು, ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ಹೆಸರುವಾಸಿಯಾಗಿ ಈಗ ಬಾಗಿಲು ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೂದಲೆಳೆಯಷ್ಟು ಅಂತರವನ್ನೂ ಅಳೆದು ನೋಡಿದ ಹೊರತು ಒಪ್ಪದ ಕಣ್ಣು ಅವರದು. ಅವರ ಕಿರಿಯ ಮಗನು ದಾವಣಗೆರೆಯಲ್ಲಿ ಬಟ್ಟೆಯ ಅಂಗಡಿಯನ್ನು ಇಟ್ಟಿರುವನು. ಹಿರಿಯ ಸೊಸೆಯು ಮನೆಯ ಜಮಾಖರ್ಚನ್ನೆಲ್ಲ ನೋಡಿಕೊಳ್ಳುವವಳು. ಅವಳ ಮಗನಿಗೆ ಆಗ ಹದಿನೈದು ವರ್ಷ. ವೇಗದ ಬೌಲರ್ ಆಗಬೇಕೆಂಬ ಆಸೆ ಹೊತ್ತವನು. ಭಾನುವಾರ ಸಂಜೆ ದಾವಣಗೆರೆಯಿಂದ ಚಿಕ್ಕಪ್ಪನು ಬಂದನೆಂದರೆ ಮಂಡಕ್ಕಿಯ ಪೊಟ್ಟಣ ಬಿಚ್ಚುವುದು, ಮೆಣಸಿನಕಾಯಿ ಬಜ್ಜಿ ಕರಿಯುವುದು, ಮತ್ತು ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ವಿಷಯವಾಗಿ ಜಗಳವಾಡುವುದು ಆ ಮನೆಯ ಪದ್ಧತಿ.

೨೦೨೪ರ ನವೆಂಬರ್ ೨೪ ಮತ್ತು ೨೫ನೆಯ ತಾರೀಖುಗಳಲ್ಲಿ ಅರಬ್ಬರ ದೇಶದ ಜೆಡ್ಡಾ ನಗರದಲ್ಲಿ ಐ.ಪಿ.ಎಲ್. ಪಂದ್ಯಾವಳಿಯ ಮಹಾ ಹರಾಜು ನಡೆಯಿತು. ಪ್ರತಿಯೊಂದು ತಂಡಕ್ಕೂ ಖರ್ಚು ಮಾಡಲು ೧೨೦ ಕೋಟಿ ರೂಪಾಯಿಗಳ ಮಿತಿಯಿದ್ದಿತು. ಬೆಂಗಳೂರಿನವರು ವಿರಾಟ್ ಕೊಹ್ಲಿಯವರನ್ನು ೨೧ ಕೋಟಿಗೂ, ರಜತ್ ಪಾಟೀದಾರರನ್ನು ೧೧ ಕೋಟಿಗೂ, ಯಶ್ ದಯಾಳರನ್ನು ೫ ಕೋಟಿಗೂ ಮೊದಲೇ ಉಳಿಸಿಕೊಂಡು, ೮೩ ಕೋಟಿಯೊಡನೆ ಹರಾಜಿಗೆ ಹೋದರು. ಕನ್ನಡಿಗರೆಲ್ಲರ ಕಣ್ಣು ಕೆ. ಎಲ್. ರಾಹುಲರ ಮೇಲಿದ್ದಿತು. ಅವರು ೧೪ ಕೋಟಿಗೆ ದೆಹಲಿಯ ಪಾಲಾದರು. ಮೊಹಮ್ಮದ್ ಸಿರಾಜರು ೧೨.೨೫ ಕೋಟಿಗೆ ಗುಜರಾತಿನ ತಂಡಕ್ಕೆ ಹೋದರು. ಬೆಂಗಳೂರಿನವರು ಆಸ್ಟ್ರೇಲಿಯಾದ ಜೋಶ್ ಹೇಜಲ್‌ವುಡ್ಡರಿಗೆ ೧೨.೫ ಕೋಟಿ, ಭುವನೇಶ್ವರ ಕುಮಾರರಿಗೆ ೧೦.೭೫ ಕೋಟಿ, ಕೃಣಾಲ್ ಪಾಂಡ್ಯರಿಗೆ ೫.೭೫ ಕೋಟಿ ಕೊಟ್ಟು ಕೊಂಡರು.

ಆ ವಾರದ ಭಾನುವಾರ ಹರಿಹರದ ಮನೆಯಲ್ಲಿ ಮಂಡಕ್ಕಿಯು ಮೆತ್ತಗಾಗುವವರೆಗೂ ಯಾರೂ ಅದನ್ನು ಮುಟ್ಟಲಿಲ್ಲ.

“ನಮ್ಮ ಹುಡುಗನನ್ನು ಕಂಡವರ ಪಾಲು ಮಾಡಿ, ಕೃಣಾಲನಿಗೆ ಐದು ಮುಕ್ಕಾಲು ಕೋಟಿಯೆ? ಅಜ್ಜಾ, ಇದು ದಂಡ! ಶುದ್ಧ ದಂಡ!” ಎಂದನು ಹುಡುಗ.

“ಕೃಣಾಲನ ಮಾತು ಬಿಡು. ಭುವನೇಶ್ವರನಿಗೆ ವಯಸ್ಸಾಯಿತು, ಅವನಿಗೆ ಹತ್ತು ಮುಕ್ಕಾಲು ಕೋಟಿ ಸುರಿದರಲ್ಲ, ಅದನ್ನು ಹೇಳು” ಎಂದನು ಚಿಕ್ಕಪ್ಪ.

ಒಳಗಿನಿಂದ ಬಜ್ಜಿಯ ತಟ್ಟೆಯನ್ನು ತಂದ ಸೊಸೆಯು, “ಮಾವಾ, ನನಗೆ ಒಂದು ಮಾತು ತಿಳಿಯದು. ಹದಿನೇಳು ವರ್ಷ ಇವರು ಬ್ಯಾಟು ಹಿಡಿಯುವವರಿಗೆ ದುಡ್ಡು ಕೊಟ್ಟರು, ಒಂದು ಸಲವೂ ಗೆಲ್ಲಲಿಲ್ಲ. ಮನೆಯಲ್ಲಿ ಉಪ್ಪು ಮೂರು ಡಬ್ಬಿ ತುಂಬಿರುವಾಗ ಸಂತೆಯಲ್ಲಿ ಉಪ್ಪು ಚೆನ್ನಾಗಿದೆಯೆಂದು ಮತ್ತೆ ಉಪ್ಪನ್ನೇ ತರುವುದುಂಟೆ? ಈ ಸಲ ಚೆಂಡು ಎಸೆಯುವವರನ್ನು ತಂದಿದ್ದಾರೆ. ನೋಡಬಾರದೆ?” ಎಂದಳು.

ಇಬ್ಬರೂ ನಕ್ಕುಬಿಟ್ಟರು. ಹಿರಿಯರು ನಗಲಿಲ್ಲ. ಅವರು ಹುಡುಗನ ನೋಟ್‌ಬುಕ್ಕಿನಿಂದ ಒಂದು ಹಾಳೆಯನ್ನು ಹರಿಸಿ, “ಬಾಯಿಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಮೂವರೂ ನಿಮ್ಮ ನಿಮ್ಮ ಮಾತನ್ನು ಬರೆದು ರುಜು ಹಾಕಿರಿ. ಆಟವೆಲ್ಲ ಮುಗಿದ ಮೇಲೆ ಅಳೆದು ನೋಡೋಣ” ಎಂದರು. ಮೂವರೂ ಬರೆದರು. ಹಾಳೆಯು ಪಂಚಾಂಗದ ಪುಟಗಳ ನಡುವೆ ಸೇರಿತು. ಯುಗಾದಿಯಂದು ಹೊಸ ಪಂಚಾಂಗ ಬಂದಾಗ ಹಿರಿಯರು ಅದನ್ನು ಮರೆಯದೆ ಹೊಸದಕ್ಕೆ ವರ್ಗಾಯಿಸಿದರು.

ಈ ಕಥೆಯ ಮುಂದಿನ ಭಾಗವನ್ನು ಹೇಳುವುದಕ್ಕೆ ಮೊದಲು, ಆಟಗಾರರನ್ನು ಆರಿಸುವ ಪದ್ಧತಿಗಳನ್ನು ಕುರಿತು ನಾಲ್ಕು ಮಾತು ಹೇಳುವುದು ಅವಶ್ಯ. ಮುಖ್ಯವಾದ ಪದ್ಧತಿಗಳು ಎರಡು: ಒಂದು ಸರದಿಯ ಆಯ್ಕೆ, ಇನ್ನೊಂದು ಹರಾಜು.

ಸರದಿಯ ಆಯ್ಕೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಬಲ್ಲೆವು. ಓಣಿಯ ಮಕ್ಕಳು ಚಿಣ್ಣಿದಾಂಡಿಗೋ ಕಬಡ್ಡಿಗೋ ಸೇರಿದಾಗ ಇಬ್ಬರು ನಾಯಕರು ಎದುರುಬದುರು ನಿಲ್ಲುವರು. ಒಬ್ಬನು ಒಬ್ಬನನ್ನು ಕರೆಯುವನು. ಆಮೇಲೆ ಇನ್ನೊಬ್ಬನ ಸರದಿ. ಗಟ್ಟಿಗರೆಲ್ಲ ಮೊದಲೇ ಹೋಗಿಬಿಡುವರು. ಕೊನೆಗೆ ಒಬ್ಬ ಹುಡುಗನು ನಡುವೆ ಒಂಟಿಯಾಗಿ ನಿಂತಿರುವನು. ಅವನನ್ನು ಯಾರೂ ಕರೆಯುವುದಿಲ್ಲ. ಅವನು ತಾನಾಗಿಯೇ ಒಂದು ಕಡೆಗೆ ಸೇರಿಕೊಳ್ಳುವನು. ಆ ಹುಡುಗನ ಮುಖವನ್ನು ನೋಡಿದವರು ಅದನ್ನು ಬೇಗನೆ ಮರೆಯಲಾರರು. ಆ ಹುಡುಗನು ತಾವೇ ಆಗಿದ್ದವರು ಎಂದಿಗೂ ಮರೆಯರು.

ಈ ಓಣಿಯ ಪದ್ಧತಿಯನ್ನೇ ಅಮೆರಿಕದವರು ತಮ್ಮ ದೇಶದ ಫುಟ್‌ಬಾಲ್ ಆಟದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದರು. ಅದಕ್ಕೆ ‘ಡ್ರಾಫ್ಟ್’ ಎಂದು ಹೆಸರು. ಅದು ಮೊದಲು ನಡೆದುದು ೧೯೩೬ರ ಫೆಬ್ರವರಿ ೮ರಂದು, ಫಿಲಡೆಲ್ಫಿಯಾ ನಗರದಲ್ಲಿ. ಹಣವುಳ್ಳ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಂಡು ಬಡ ತಂಡಗಳು ವರ್ಷವರ್ಷವೂ ಸೋಲುತ್ತಿದ್ದುದರಿಂದ, ಫಿಲಡೆಲ್ಫಿಯಾ ತಂಡದ ಒಡೆಯರಾದ ಬರ್ಟ್ ಬೆಲ್ ಎಂಬವರು ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿ ಉಳಿದ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು ಇರಬೇಕೆಂದು ಸೂಚಿಸಿದರು. ಸೋತವನಿಗೆ ಮೊದಲ ತುತ್ತು ಎಂಬ ಈ ನಿಯಮವು ನ್ಯಾಯವಾದುದೆಂದು ಎಲ್ಲರೂ ಒಪ್ಪುವರು. ಆದರೆ ಮೊದಲ ತುತ್ತೇ ರುಚಿಯಾದ ತುತ್ತೆಂದು ಹೇಳಬರುವುದಿಲ್ಲ. ಆ ಮೊದಲ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವ್ಯಾಂಗರ್ ಎಂಬವರು ವೃತ್ತಿಪರ ಆಟವನ್ನು ಒಂದು ದಿನವೂ ಆಡಲಿಲ್ಲ. ಇದಕ್ಕೆ ವಿರುದ್ಧವಾಗಿ, ೨೦೦೦ದಲ್ಲಿ ೧೯೯ನೆಯವರಾಗಿ ಆಯ್ಕೆಯಾದ ಟಾಮ್ ಬ್ರೇಡಿಯವರು ಏಳು ಬಾರಿ ಅಂತಿಮ ವಿಜಯವನ್ನು ಪಡೆದರು. ಅವರಿಗಿಂತ ಮೊದಲು ೧೯೮ ಹೆಸರುಗಳನ್ನು ಕೂಗಿದವರೆಲ್ಲ ಆಟವನ್ನರಿತ ಪಂಡಿತರೇ ಆಗಿದ್ದರು.

ನಮ್ಮ ದೇಶದ ಕಾಲ್ಚೆಂಡಾಟದಲ್ಲಿಯೂ ಇಂತಹ ಡ್ರಾಫ್ಟ್ ನಡೆದುದುಂಟು. ಬೆಂಗಳೂರು ಎಫ್.ಸಿ. ತಂಡವು ಇಂಡಿಯನ್ ಸೂಪರ್ ಲೀಗಿಗೆ ಸೇರಿದ ವರ್ಷ, ಎಂದರೆ ೨೦೧೭ರ ಜುಲೈ ೨೩ರಂದು, ಮುಂಬಯಿಯಲ್ಲಿ ಅದು ಜರುಗಿತು. ಬೆಂಗಳೂರಿನವರು ಸುನಿಲ್ ಛೇತ್ರಿ ಮತ್ತು ಉದಾಂತ ಸಿಂಗ್ ಇವರನ್ನು ಉಳಿಸಿಕೊಂಡು, ಅಭಿಮಾನಿಗಳ ಪ್ರೀತಿಗೆ ಪಾತ್ರರಾಗಿದ್ದ ಯೂಜಿನ್‌ಸನ್ ಲಿಂಗ್ಡೋ ಅವರನ್ನು ಬಿಟ್ಟುಕೊಡಬೇಕಾಯಿತು. ೧ ಕೋಟಿ ೧೦ ಲಕ್ಷ ರೂಪಾಯಿಗೆ ಅವರು ಕಲ್ಕತ್ತೆಯ ತಂಡವನ್ನು ಸೇರಿದರು. ಆ ದಿನ ಬೆಂಗಳೂರಿನ ಪಾಲಿಗೆ ಬಂದವರಲ್ಲಿ ರಾಹುಲ್ ಭೇಕೆ ಎಂಬ ರಕ್ಷಣೆಯ ಆಟಗಾರರು ಒಬ್ಬರು. ರಕ್ಷಣೆಯ ಆಟಗಾರರ ಹೆಸರನ್ನು ಯಾರು ಜಯಘೋಷದಿಂದ ಕೂಗುವರು? ಆದರೆ ೨೦೧೯ರ ಮಾರ್ಚ್ ೧೭ರಂದು ಗೋವೆಯ ತಂಡದ ಮೇಲೆ ಅಂತಿಮ ಪಂದ್ಯವು ಹೆಚ್ಚಿನ ಅವಧಿಗೆ ಮುಂದುವರಿದು, ೧೧೭ನೆಯ ನಿಮಿಷದಲ್ಲಿ ತಲೆಯಿಂದ ಚೆಂಡನ್ನು ಹೊಡೆದು ಬೆಂಗಳೂರಿಗೆ ಪ್ರಶಸ್ತಿಯನ್ನು ತಂದುಕೊಟ್ಟವರು ಈ ಭೇಕೆಯವರೇ.

ಇನ್ನು ಹರಾಜು. ನಮ್ಮ ಕಡೆಯ ದನದ ಜಾತ್ರೆಗಳಲ್ಲಿ ದಲ್ಲಾಳರು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಕುದುರಿಸುವುದನ್ನು ವಾಚಕರು ನೋಡಿರಬಹುದು. ಕೊಟ್ಟವನಿಗೂ ಕೊಂಡವನಿಗೂ ಹೊರತು ಮೂರನೆಯವನಿಗೆ ಬೆಲೆ ತಿಳಿಯದು. ಮಾರಾಟವಾಗದ ಎತ್ತಿನ ಒಡೆಯನ ಮಾನವೂ ಇದರಿಂದ ಉಳಿಯುತ್ತದೆ. ಐ.ಪಿ.ಎಲ್. ಹರಾಜಿನಲ್ಲಿ ಈ ಟವಲು ಇಲ್ಲ. ಮನುಷ್ಯನ ಹೆಸರನ್ನು ಕೂಗಿ, ದೇಶವೆಲ್ಲ ನೋಡುತ್ತಿರುವಾಗ ಬೆಲೆಯನ್ನು ಏರಿಸುವರು. ಯಾರೂ ಕೈಯೆತ್ತದಿದ್ದರೆ ಮಾರಾಟವಾಗಲಿಲ್ಲವೆಂದು ಸುತ್ತಿಗೆಯನ್ನು ಕುಟ್ಟುವರು. ಆ ಮನುಷ್ಯನ ತಾಯಿಯೂ ಮನೆಯಲ್ಲಿ ಕುಳಿತು ಅದನ್ನು ನೋಡುತ್ತಿರುವಳೆಂಬುದನ್ನು ನಾವು ನೆನೆಯುವುದಿಲ್ಲ.

ಮೊದಲ ಹರಾಜು ೨೦೦೮ರ ಫೆಬ್ರವರಿ ೨೦ರಂದು ಮುಂಬಯಿಯಲ್ಲಿ ನಡೆಯಿತು. ಬೆಂಗಳೂರಿನವರು ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ, ಜಾಕ್ ಕ್ಯಾಲಿಸ್ ಮೊದಲಾದ ಘನವಂತರನ್ನು ಕಲೆಹಾಕಿದರು. ಮೊದಲ ವರ್ಷ ಎಂಟು ತಂಡಗಳಲ್ಲಿ ಏಳನೆಯವರಾದರು. ದೊಡ್ಡ ಹೆಸರುಗಳನ್ನು ಕೂಡಿಸಿದ ಮಾತ್ರಕ್ಕೆ ತಂಡವಾಗದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಾಗಿಲ್ಲ. ಆದರೆ ಅದೇ ವರ್ಷ, ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ಪನ್ನು ಗೆದ್ದುಬಂದ ಹುಡುಗರನ್ನು ಹಂಚಿಕೊಳ್ಳಲು ಹರಾಜಿನ ಬದಲು ಡ್ರಾಫ್ಟನ್ನೇ ಅನುಸರಿಸಿದರು. ದೆಹಲಿಯ ತಂಡದಲ್ಲಿ ದಾಂಡಿಗರಿಗೆ ಕೊರತೆಯಿರಲಿಲ್ಲ. ಸೆಹ್ವಾಗ್, ಗಂಭೀರ್ ಮುಂತಾದವರಿದ್ದರು. ಆದಕಾರಣ ಅವರು ತಮ್ಮ ಊರಿನವನೇ ಆದ ವಿರಾಟ್ ಕೊಹ್ಲಿ ಎಂಬ ಹುಡುಗನನ್ನು ಬಿಟ್ಟು, ಎಡಗೈ ವೇಗದ ಬೌಲರ್ ಪ್ರದೀಪ್ ಸಾಂಗ್ವಾನರನ್ನು ಆರಿಸಿದರು. ಕೊಹ್ಲಿಯು ೩೦ ಸಾವಿರ ಡಾಲರಿಗೆ ಬೆಂಗಳೂರಿಗೆ ಬಂದನು. ದೆಹಲಿಯವರನ್ನು ಈಗ ಎಲ್ಲರೂ ನಗುವರು. ಆದರೆ ಹರಿಹರದ ಸೊಸೆಯು ಹೇಳಿದ ಉಪ್ಪಿನ ಮಾತನ್ನು ನೆನೆದು ನೋಡಿರಿ. ಆ ದಿನದ ಲೆಕ್ಕಕ್ಕೆ ದೆಹಲಿಯವರದು ತಪ್ಪಾಗಿರಲಿಲ್ಲ. ಆ ವರ್ಷ ಅವರು ಉಪಾಂತ್ಯದವರೆಗೂ ಹೋದರು. ಆರಿಸಿದ ದಿನವೇ ಆಯ್ಕೆಯ ಗುಣವು ತಿಳಿಯುವುದಿಲ್ಲವೆಂಬುದಷ್ಟೇ ಇಲ್ಲಿಯ ಪಾಠ.

ಈಗ ಹರಿಹರದ ಮನೆಗೆ ಹಿಂದಿರುಗೋಣ. ೨೦೨೫ರ ಏಪ್ರಿಲ್ ೧೦ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ರಾಹುಲರು ದೆಹಲಿಯ ಪರವಾಗಿ ಔಟಾಗದೆ ೯೩ ರನ್ ಹೊಡೆದು, ತಮ್ಮ ಊರಿನ ತಂಡವನ್ನೇ ಸೋಲಿಸಿದರು. ಇದು ನನ್ನ ನೆಲವೆಂದು ತೋರಿಸುವಂತೆ ಬ್ಯಾಟಿನಿಂದ ನೆಲದ ಮೇಲೆ ವೃತ್ತವನ್ನೂ ಎಳೆದರು. ಹುಡುಗನು ದುಃಖಿಸಬೇಕೋ ಹಿಗ್ಗಬೇಕೋ ತಿಳಿಯದೆ, ಕೊನೆಗೆ ಹಿಗ್ಗಿ, “ಅಜ್ಜಾ, ಹಾಳೆ ತೆಗೆ!” ಎಂದನು. “ಬೆಳೆಯು ಇನ್ನೂ ಹೊಲದಲ್ಲಿದೆ” ಎಂದು ಹಿರಿಯರು ಪಂಚಾಂಗವನ್ನು ಮುಟ್ಟಗೊಡಲಿಲ್ಲ.

ಬೇಸಗೆಯ ರಜೆಯಲ್ಲಿ ಹುಡುಗನೇ ಒಂದು ಆಯ್ಕೆಯ ಪಂದ್ಯಕ್ಕೆ ಹೋದನು. ಎರಡು ದಿನ ಬಿಸಿಲಿನಲ್ಲಿ ಚೆಂಡನ್ನು ಎಸೆದು ಬಂದನು. ಮೂರನೆಯ ದಿನ ಹಲಗೆಯ ಮೇಲೆ ಪಟ್ಟಿಯನ್ನು ಅಂಟಿಸಿದರು. ಅದರಲ್ಲಿ ಅವನ ಹೆಸರು ಇರಲಿಲ್ಲ. ಪಟ್ಟಿಯ ಮುಂದೆ ನೂಕಾಡುತ್ತಿದ್ದ ಹುಡುಗರಲ್ಲಿ ಯಾರೋ ಒಬ್ಬನು, ಇವನು ಹಿಂದೆ ನಿಂತಿರುವನೆಂಬುದನ್ನು ಅರಿಯದೆ, “ಆ ಹರಿಹರದವನೆ? ಅವನು ದಂಡ ಬಿಡೋ” ಎಂದನಂತೆ.

ಹುಡುಗನು ಮನೆಗೆ ಬಂದು ಊಟ ಮಾಡಲಿಲ್ಲ. ಸಂಜೆ ಹೊಳೆಯ ದಡದಲ್ಲಿ ಕುಳಿತಿದ್ದವನನ್ನು ಅಜ್ಜನು ಹುಡುಕಿಕೊಂಡು ಹೋದರು. ಬಹಳ ಹೊತ್ತಿನ ಮೇಲೆ ಹುಡುಗನು, “ಅಜ್ಜಾ, ಒಂದೇ ಮಾತು. ನಾನು ಅವತ್ತು ಕೃಣಾಲನಿಗೆ ಅಂದದ್ದೂ ಅದೇ ಮಾತು” ಎಂದನು.

ಅಜ್ಜನು ಅವನಿಗೆ ಸಮಾಧಾನದ ಮಾತನ್ನು ಹೇಳಲಿಲ್ಲ. ದಾವಣಗೆರೆಯ ಒಬ್ಬರ ಕಥೆಯನ್ನು ಹೇಳಿದರು. ಆ ಕಥೆಯನ್ನು ನಮ್ಮ ಕಡೆಯ ಮನೆಗಳಲ್ಲಿ ಮತ್ತೆ ಮತ್ತೆ ಹೇಳುವುದು ಒಳ್ಳೆಯದು.

ಆರ್. ವಿನಯ್ ಕುಮಾರರು ೧೯೮೪ರಲ್ಲಿ ದಾವಣಗೆರೆಯಲ್ಲಿ ಹುಟ್ಟಿದವರು. ಅವರನ್ನು ಜನರು ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆದರು. ೨೦೦೮ರಿಂದ ಬೆಂಗಳೂರಿನ ತಂಡದಲ್ಲಿ ಆಡಿದರು. ೨೦೧೧ರಲ್ಲಿ ಕೊಚ್ಚಿಯ ತಂಡವು ಅವರನ್ನು ಕೊಂಡಿತು. ಆ ತಂಡವು ಒಂದೇ ವರ್ಷದಲ್ಲಿ ಮುಚ್ಚಿಹೋಯಿತು. ೨೦೧೨ರಲ್ಲಿ ಬೆಂಗಳೂರಿನವರೇ ಹತ್ತು ಲಕ್ಷ ಡಾಲರು ಕೊಟ್ಟು ಹಿಂದಕ್ಕೆ ಕರೆದರು. ೨೦೧೪ರಲ್ಲಿ ಕಲ್ಕತ್ತೆ, ೨೦೧೫ರಲ್ಲಿ ಮುಂಬಯಿ, ೨೦೧೮ರಲ್ಲಿ ಪುನಃ ಕಲ್ಕತ್ತೆ. ಹೀಗೆ ಅವರು ಕೈಯಿಂದ ಕೈಗೆ ಹೋದರು. ದೇಶದ ಪರವಾಗಿ ಅವರಿಗೆ ದೊರೆತ ಟೆಸ್ಟ್ ಪಂದ್ಯವು ಒಂದೇ ಒಂದು. ೨೦೧೨ರ ಜನವರಿಯಲ್ಲಿ ಆಸ್ಟ್ರೇಲಿಯಾದ ಪರ್ತಿನಲ್ಲಿ. ಅದರಲ್ಲಿ ದೊರೆತ ವಿಕೆಟ್ಟೂ ಒಂದೇ. ಅವರ ವೇಗವು ಸಾಲದೆಂದು ಆಡಿಕೊಂಡವರು ಬಹಳ. ಹತ್ತು ಲಕ್ಷ ಡಾಲರು ದಂಡವೆಂದು ನಮ್ಮ ಜಗಲಿಗಳ ಮೇಲೆಯೇ ಎಷ್ಟು ಬಾರಿ ತೀರ್ಪು ಕೊಟ್ಟಿಲ್ಲ!

ಆದರೆ ಕರ್ನಾಟಕಕ್ಕೆ ಅವರು ಮಾಡಿದ ಕೆಲಸವು ಯಾವ ಹರಾಜಿನ ಪಟ್ಟಿಯಲ್ಲಿಯೂ ಬರೆದಿರಲಿಲ್ಲ. ಅವರ ನಾಯಕತ್ವದಲ್ಲಿ ೨೦೧೩-೧೪ ಮತ್ತು ೨೦೧೪-೧೫ ಎಂಬ ಎರಡು ವರ್ಷ ಒಂದರ ಮೇಲೊಂದರಂತೆ ಕರ್ನಾಟಕವು ರಣಜಿ, ಇರಾನಿ, ವಿಜಯ್ ಹಜಾರೆ ಎಂಬ ಮೂರು ಪ್ರಶಸ್ತಿಗಳನ್ನೂ ಗೆದ್ದಿತು. ೨೦೧೫ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ನಡೆದ ರಣಜಿ ಅಂತಿಮ ಪಂದ್ಯದಲ್ಲಿ ಅವರು ೩೪ ರನ್ನಿಗೆ ೫ ವಿಕೆಟ್ ಕಿತ್ತು ತಮಿಳುನಾಡನ್ನು ೧೩೪ಕ್ಕೆ ಕೆಡವಿದರು. ತಾವೇ ಬ್ಯಾಟು ಹಿಡಿದು ಔಟಾಗದೆ ೧೦೫ ರನ್ ಹೊಡೆದರು. ಒಂದು ಇನ್ನಿಂಗ್ಸ್ ಮತ್ತು ೨೧೭ ರನ್ನುಗಳಿಂದ ಕರ್ನಾಟಕವು ಗೆದ್ದಿತು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ೫೦೪ ವಿಕೆಟ್ಟುಗಳನ್ನು ಪಡೆದು ೨೦೨೧ರ ಫೆಬ್ರವರಿಯಲ್ಲಿ ಅವರು ಆಟದಿಂದ ನಿವೃತ್ತರಾದರು. ಬಳಿಕ ಮುಂಬಯಿ ತಂಡವು ಅವರನ್ನು ಯಾವ ಕೆಲಸಕ್ಕೆ ಕರೆದುಕೊಂಡಿತೆಂಬುದನ್ನು ಕೇಳಿರಿ: ಊರೂರು ತಿರುಗಿ, ಯಾರ ಕಣ್ಣಿಗೂ ಬೀಳದ ಹೊಸ ಹುಡುಗರನ್ನು ಗುರುತಿಸುವ ಕೆಲಸಕ್ಕೆ. ಸುತ್ತಿಗೆಯ ಕೆಳಗೆ ಹಲವು ಬಾರಿ ನಿಂತವರೇ ಆಯ್ಕೆಯ ಕಣ್ಣಾದರು.

“ಪಟ್ಟಿ ಅಂಟಿಸಿದವರು ಎರಡು ದಿನ ನೋಡಿ ಅಳತೆ ಹೇಳಿದರು. ಅದು ಅವರ ಕೈಲಿದ್ದ ಅಳತೆ. ನಿನ್ನ ಅಳತೆ ಇನ್ನೂ ಬೆಳೆಯುತ್ತಾ ಇದೆ” ಎಂದು ಹೇಳಿ, ಹಿರಿಯರು ಎದ್ದು ಹುಡುಗನನ್ನು ಮನೆಗೆ ಕರೆತಂದರು.

೨೦೨೫ರ ಜೂನ್ ೩ರಂದು ಅಹಮದಾಬಾದಿನಲ್ಲಿ ಅಂತಿಮ ಪಂದ್ಯ. ಬೆಂಗಳೂರಿನವರು ೧೯೦ ರನ್ ಮಾಡಿ, ಪಂಜಾಬನ್ನು ೧೮೪ಕ್ಕೆ ತಡೆದು, ೬ ರನ್ನುಗಳಿಂದ ಗೆದ್ದರು. ೨೦೦೯ರ ಅಂತಿಮ ಪಂದ್ಯದಲ್ಲಿ ಅವರು ಸೋತುದೂ ಇದೇ ೬ ರನ್ನುಗಳಿಂದಲೇ. ಹದಿನೆಂಟನೆಯ ವರ್ಷದಲ್ಲಿ ಮೊದಲ ಪ್ರಶಸ್ತಿ! ನಾಲ್ಕು ಓವರುಗಳಲ್ಲಿ ೧೭ ರನ್ನು ಮಾತ್ರ ಕೊಟ್ಟು ೨ ವಿಕೆಟ್ ಪಡೆದು ಆ ಪಂದ್ಯದ ಶ್ರೇಷ್ಠ ಆಟಗಾರರೆನಿಸಿದವರು ಕೃಣಾಲ್ ಪಾಂಡ್ಯರು. ಆ ವರ್ಷ ೨೨ ವಿಕೆಟ್ಟುಗಳನ್ನು ಪಡೆದು ತಂಡದ ಬೆನ್ನೆಲುಬಾದವರು ಹೇಜಲ್‌ವುಡ್ಡರು.

ಇನ್ನು ತಂಡದ ನಾಯಕರಾಗಿದ್ದ ರಜತ್ ಪಾಟೀದಾರರು. ೨೦೨೨ರ ಹರಾಜಿನಲ್ಲಿ ಅವರ ಹೆಸರನ್ನು ಕೂಗಿದಾಗ ಯಾರೂ ಕೈಯೆತ್ತಿರಲಿಲ್ಲ. ಓಣಿಯ ನಡುವೆ ಒಂಟಿಯಾಗಿ ಉಳಿದ ಹುಡುಗನಂತೆ ಅವರು ಉಳಿದುಬಿಟ್ಟಿದ್ದರು. ಬಳಿಕ ಬೆಂಗಳೂರಿನ ತಂಡದಲ್ಲಿದ್ದ ಲವ್‌ನೀತ್ ಸಿಸೋಡಿಯಾ ಎಂಬ ಯುವಕರು ಗಾಯಗೊಂಡುದರಿಂದ, ೨೦ ಲಕ್ಷ ರೂಪಾಯಿಗೆ ಅವರ ಸ್ಥಾನಕ್ಕೆ ಇವರನ್ನು ಕರೆದರು. ಅದೇ ವರ್ಷ ಮೇ ೨೫ರಂದು ಕಲ್ಕತ್ತೆಯಲ್ಲಿ ಔಟಾಗದೆ ೧೧೨ ರನ್ ಹೊಡೆದರು. ಮೂರು ವರ್ಷಗಳ ಮೇಲೆ, ಹದಿನೇಳು ವರ್ಷ ಯಾವ ನಾಯಕನಿಗೂ ದೊರೆಯದ ಕಪ್ಪನ್ನು ಎತ್ತಿದವರು ಇವರು.

ಮರುದಿನ ಬೆಂಗಳೂರಿನಲ್ಲಿ ನಡೆದುದನ್ನು ಬರೆಯಲು ಲೇಖನಿಯು ಏಳದು. ವಿಜಯೋತ್ಸವವನ್ನು ನೋಡಲು ಚಿನ್ನಸ್ವಾಮಿ ಮೈದಾನದ ಬಾಗಿಲುಗಳ ಬಳಿ ಸೇರಿದ ಜನಸಂದಣಿಯ ನೂಕುನುಗ್ಗಲಿನಲ್ಲಿ ಹನ್ನೊಂದು ಜನರು ಸತ್ತರು. ಆಟವನ್ನು ಪ್ರೀತಿಸಿ ಹೋದ ಮಕ್ಕಳು ಮನೆಗೆ ಹಿಂದಿರುಗಲಿಲ್ಲ. ಹರಿಹರದ ಮನೆಯಲ್ಲಿ ತಂದಿಟ್ಟಿದ್ದ ಪಟಾಕಿಯನ್ನು ಹಚ್ಚಲಿಲ್ಲ. ಹಾಳೆಯನ್ನೂ ಆ ವಾರ ತೆಗೆಯಲಿಲ್ಲ.

ಹದಿನೈದು ದ���ನಗಳ ಬಳಿಕ ಒಂದು ಭಾನುವಾರ ಪಂಚಾಂಗದಿಂದ ಹಾಳೆಯು ಹೊರಬಂದಿತು. ಹುಡುಗನು, ‘ಕೃಣಾಲ್ ದಂಡ, ತಂಡವು ಮೊದಲ ನಾಲ್ಕರಲ್ಲಿ ಬರದು’ ಎಂದು ಬರೆದಿದ್ದನು. ಚಿಕ್ಕಪ್ಪನು, ‘ಭುವನೇಶ್ವರನು ನಾಲ್ಕು ಪಂದ್ಯವನ್ನೂ ಆಡಲಾರ’ ಎಂದು ಬರೆದಿದ್ದನು. ಸೊಸೆಯು, ‘ಚೆಂಡು ಎಸೆಯುವವರಿಂದ ಈ ಸಲ ಗೆಲ್ಲಬಹುದು’ ಎಂದು ಒಂದೇ ಸಾಲನ್ನು ಬರೆದಿದ್ದಳು. ಈ ಸಲ ಯಾರೂ ನಗಲಿಲ್ಲ; ಅವಳೊಬ್ಬಳೇ ನಕ್ಕಳು. ಹುಡುಗನು ಪೆನ್ನನ್ನು ತೆಗೆದುಕೊಂಡು ತನ್ನ ಮಾತಿನ ಕೆಳಗೆ ‘ತಪ್ಪು’ ಎಂದು ಬರೆದು ಪುನಃ ರುಜು ಹಾಕಿದನು. ಅವನು ಮೊದಲು ಬರೆದುದಕ್ಕಿಂತ ಈ ಎರಡಕ್ಷರವೇ ಹೆಚ್ಚು ಬೆಲೆಯುಳ್ಳದ್ದೆಂದು ನನಗೆ ತೋರಿತು.

ಇಲ್ಲಿ ಗೃಹಸ್ಥರಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಬಿಡಲಾರೆನು. ಆಯ್ಕೆಯ ವಾದವು ಮಾತಿನಲ್ಲಿರುವವರೆಗೆ ಬುದ್ಧಿಗೆ ಸಾಣೆ. ಅದಕ್ಕೆ ಹಣವು ಅಂಟಿಕೊಂಡಿತೆಂದರೆ ಮನೆಗೆ ಕೇಡು. ೨೦೦೯ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಆರಂಭವಾದಾಗ ದಾವಣಗೆರೆಯ ಹೆಸರಿನ ತಂಡವೊಂದು ಅದರಲ್ಲಿದ್ದಿತು; ಶಾಮನೂರು ದಾವಣಗೆರೆ ಡೈಮಂಡ್ಸ್ ಎಂದು ಅದರ ಹೆಸರು. ನಮ್ಮ ಊರ ಹೆಸರನ್ನು ಟಿ.ವಿ.ಯಲ್ಲಿ ಕೇಳಿ ನಾವೆಲ್ಲ ಹಿಗ್ಗಿದೆವು. ಆ ಪಂದ್ಯಾವಳಿಯು ೨೦೧೯ರಲ್ಲಿ ಬಾಜಿಗಾಗಿ ಆಟವನ್ನು ಮಾರಿಕೊಂಡ ಆರೋಪಗಳಿಗೆ ಗುರಿಯಾಗಿ, ಬೆಂಗಳೂರಿನ ಪೊಲೀಸರಿಂದ ಬಂಧನಗಳು ನಡೆದು, ಅಲ್ಲಿಗೇ ನಿಂತಿತು. ೨೦೨೨ರಲ್ಲಿ ಅದರ ಸ್ಥಾನದಲ್ಲಿ ಮಹಾರಾಜ ಟ್ರೋಫಿಯು ಬಂದಾಗ, ಅದರ ಆರು ತಂಡಗಳಲ್ಲಿ ದಾವಣಗೆರೆಯ ಹೆಸರು ಇರಲಿಲ್ಲ. ಇನ್ನು ಮೊಬೈಲಿನಲ್ಲಿ ತಂಡ ಕಟ್ಟಿ ಹಣ ಹೂಡುವ ಆಟಗಳು ಎಷ್ಟು ಮನೆಗಳ ಉಳಿತಾಯವನ್ನು ನುಂಗಿದವೆಂಬುದನ್ನು ನೆರೆಹೊರೆಯವರೇ ಬಲ್ಲರು. ಹಣ ಹೂಡುವ ಇಂತಹ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೆ ಕಾನೂನು ಬಾಗಿಲವರೆಗೆ ಬರಬಲ್ಲುದು. ಒಳಗಿನ ಕಾವಲು ಮನೆಯವರದೇ. ಹರಿಹರದ ಆ ಹಿರಿಯರು ಹಾಳೆಯ ಮೇಲೆ ರುಜುವನ್ನು ಹಾಕಿಸಿದರು. ಒಂದು ಕಾಸನ್ನೂ ಇಡಗೊಡಲಿಲ್ಲ.

ಮಕ್ಕಳು ಈ ವಾದವನ್ನು ಮಾಡಲಿ. ಹಿರಿಯರೂ ಅವರೊಡನೆ ಕುಳಿತು ಮಾಡಲಿ. ಹೆಸರನ್ನು ನೋಡದೆ ಕೊರತೆಯನ್ನು ನೋಡುವುದು, ಬೆಲೆಗೂ ಗುಣಕ್ಕೂ ಇರುವ ಅಂತರವನ್ನು ತಿಳಿಯುವುದು, ಆಡಿದ ಮಾತನ್ನು ಬರೆದಿಟ್ಟು ತಪ್ಪಿದಾಗ ಒಪ್ಪುವುದು, ಇವು ಸಂಸಾರಕ್ಕೂ ಬೇಕಾದ ಗುಣಗಳೇ. ಮಗನನ್ನು ಯಾವ ಓದಿಗೆ ಹಾಕಬೇಕು, ಮಗಳಿಗೆ ಎಂತಹ ವರನನ್ನು ನೋಡಬೇಕು, ಇದ್ದ ಹಣದಲ್ಲಿ ಮೊದಲು ಯಾವುದನ್ನು ಕೊಳ್ಳಬೇಕು ಎಂಬ ಆಯ್ಕೆಗಳಲ್ಲಿಯೂ ನಾವು ಇದೇ ಅರೆಬೆಳಕಿನಲ್ಲಿ ನಿಂತಿರುವೆವು. ಆದರೆ ಒಂದನ್ನು ಮಾತ್ರ ಮರೆಯಬಾರದು. ನಾವು ತೂಗಿ ನೋಡುವುದು ಮೆಕ್ಕೆಜೋಳದ ಚೀಲವನ್ನಲ್ಲ. ಯಾರೋ ಒಬ್ಬ ತಾಯಿಯ ಮಗನನ್ನು.

ಹರಿಹರದ ಗುಡಿಯು ೧೨೨೪ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದುದು. ಅಲ್ಲಿಯ ಮೂರ್ತಿಯ ಅರ್ಧವು ಹರಿ, ಅರ್ಧವು ಹರ. ಹರಿಯೇ ಮೇಲೆಂದೂ ಹರನೇ ಮೇಲೆಂದೂ ವಾದಿಸಿದವರಿಗೆ ಇಬ್ಬರೂ ಒಂದೇ ಶರೀರದಲ್ಲಿ ನಿಂತು ಉತ್ತರವನ್ನು ಕೊಟ್ಟಂತಿದೆ. ಆ ಊರಿನ ಆ ಜಗಲಿಯ ಮೇಲೆ ಈಗಲೂ ಭಾನುವಾರದ ವಾದವು ನಿಂತಿಲ್ಲ. ಪಂಚಾಂಗದಲ್ಲಿ ಹೊಸ ಹಾಳೆಯೊಂದು ಸೇರಿದೆ. ಹುಡುಗನು ಮುಂಜಾನೆ ಎದ್ದು ಚೆಂಡನ್ನು ಹಿಡಿದು ಮೈದಾನಕ್ಕೆ ಹೋಗುವನು. ಸಂಜೆಯ ಚರ್ಚೆಯಲ್ಲಿ ಅವನ ದನಿಯು ಮೊದಲಿನಂತೆಯೇ ಏರುವುದು. ಆದರೆ ‘ದಂಡ’ ಎಂಬ ಮಾತನ್ನು ಅವನ ಬಾಯಿಯಿಂದ ನಾನು ಮತ್ತೆ ಕೇಳಿಲ್ಲ.